ಬಾಯಿಲ್ಲದ ಹುಳ

"ನೌಕರಿ ಹತ್ತಿದ ದಿನ ನಿನ್ನ ಈ ಕ್ವಾಣಿಯಿಂದ ಹೊರಗ ತಗದು ನನ್ನ ಮನ್ಯಾಗ ಇಟ್ಕೋತೀನಿ ಅಕ್ಕಾ, ಬಾಬಾಸಾಹೇಬರ ಆಣಿ" ಎಂದು ಪಂಚಶೀಲಾ ಹೇಳಿದ್ದು ಕಮಲಾಪುರದ ಒಂದು ಹಣ್ಣಿನ ವಖಾರದ ಹಿಂಬದಿಯಲ್ಲಿ, ಪಿಯುಸಿ ಫಲಿತಾಂಶ ಬಂದ ಮಧ್ಯಾಹ್ನ. ಅವಳ ಅಕ್ಕ ಶೇವಂತಾ ಕೆಂಪು ಬಾಳೆಯ ಗೊನೆಗಳ ನಡುವಿನಿಂದ ಬಗ್ಗಿ ಹೊರಗೆ ಬಂದು, ಮೂಗಿಗೆ ಕಟ್ಟಿಕೊಂಡಿದ್ದ ಸೆರಗು ಬಿಚ್ಚಿ, "ಆಣಿ ಯಾಕ ಮಾಡ್ತಿ? ನೀ ಮರ್ತರ ಅವರಿಗೂ ಕೆಟ್ಟ ಹೆಸರು" ಎಂದು ನಕ್ಕಿದ್ದಳು. ನಗು ಅರ್ಧಕ್ಕೇ ಕೆಮ್ಮಾಯಿತು. ಕಿಟಕಿಯಿಲ್ಲದ ಕೋಣೆ ಅದು. ಕಾಯಿಗೊನೆಗಳ ಸಂದಿಯಲ್ಲಿ ಕಾಗದದ ಪೊಟ್ಟಣ ಇಟ್ಟು, ಬಾಗಿಲು ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಚೀಲ ತುರುಕಿದರೆ ಒಳಗೆಲ್ಲ ಕಾವು ತುಂಬಿ ಕಾಯಿ ಹಣ್ಣಾಗುತ್ತದೆ. ಪೊಟ್ಟಣದಲ್ಲಿರುವುದು ಕಾರ್ಬೈಡು, ವ್ಯಾಪಾರದ ಮಂದಿ ಅದಕ್ಕೆ ಮಸಾಲಾ ಎನ್ನುತ್ತಾರೆ. ಕಾನೂನು ಬೇಡವೆಂದರೂ ಬಜಾರು ಬೇಕೆನ್ನುತ್ತದೆ. ಅದರ ಬೆಳ್ಳುಳ್ಳಿಯಂಥ ನಾತ ಶೇವಂತಾಳ ಕೂದಲಲ್ಲಿ, ರೊಟ್ಟಿಯಲ್ಲಿ, ತಂಗಿಯ ಶಾಲೆಯ ಅಂಗಿಯಲ್ಲಿ ಕೂಡ ಇರುತ್ತಿತ್ತು. ಅವ್ವ ಸತ್ತಮೇಲೆ ಶಾಲೆ ಬಿಟ್ಟವಳು ಅಕ್ಕ, ಶಾಲೆಗೆ ಹೋದವಳು ತಂಗಿ. ಆ ನಾತದಿಂದಲೇ ಪಂಚಶೀಲಾಳ ಬಿಎಸ್ಸಿ ಆಯಿತು, ಎಂಎಸ್ಸಿ ಆಯಿತು, ನೌಕರಿ ಹತ್ತಿತು, ಮದುವೆಯಾಯಿತು, ಮಗಳು ಅಂಜನಾ ಮೂರನೇ ಇಯತ್ತೆಗೆ ಬಂದಳು. ಶೇವಂತಾ ಅದೇ ಕೋಣೆಯಲ್ಲಿದ್ದಳು.

ಈ ಶನಿವಾರ ಬೆಳಿಗ್ಗೆ ಕಲಬುರಗಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪಂಚಶೀಲಾ ಚಹಾದ ಕಪ್ಪಿನ ಮೇಲೆ ಕಟ್ಟಿದ ಕೆನೆಯನ್ನು ಪೆನ್ನಿನ ತುದಿಯಿಂದ ಸರಿಸುತ್ತಿದ್ದಾಗ ಮೊಬೈಲು ನಡುಗಿತು. ಪರದೆಯ ಮೇಲೆ 'ಕಮಲಾಪುರ ಬಾಳೆಹಣ್ಣು' ಎಂಬ ಹೆಸರು. ಅಕ್ಕನ ನಂಬರನ್ನು ಅವಳು ಹಾಗೆ ಉಳಿಸಿಕೊಂಡಿದ್ದಳು. ಮೊಬೈಲು ಮನೆಯಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತದೆ, ಮನೆ ಮಾಲಕಿ ಚಂದಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಬರುತ್ತಾಳೆ.

"ಬಸ್ಸಿನ್ಯಾಗ ಕುಂತೀನಿ" ಎಂದಳು ಶೇವಂತಾ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರ? ನಿನ್ನ ಮನಿಗೆ. ಇನ್ನ ಆ ಕ್ವಾಣ್ಯಾಗ ಕಾಲಿಟ್ರ ಎದಿ ಪೂರಾ ಹೋಗ್ತದ ಅಂದಾನ ಡಾಕ್ಟರ. ಸಾಹುಕಾರನ ಕೀಲಿ ಸಾಹುಕಾರನ ಕೈಯಾಗ ಕೊಟ್ಟು, ಗಂಟು ಕಟಗೊಂಡು ಬಂದೀನಿ."

"ಬರೂ ತಿಂಗಳ ಅಂದಿದ್ನಲ್ಲಕ್ಕಾ."

"ನಿನ್ನ ಬರೂ ತಿಂಗಳು ಯಾವ ಪಂಚಾಂಗದಾಗ ಬರ್ತದೋ ನನಗಂತೂ ಸಿಗವಲ್ದು."

"ಹಂಗಲ್ಲ. ಮನಿಗೆ ಸೀದಾ ಹೋಗಬ್ಯಾಡ. ಬಸ್ ಸ್ಟ್ಯಾಂಡಿನ್ಯಾಗೇ ಕೂಡು, ಕ್ಲಾಸ್ ಮುಗದ ಕೂಡ್ಲೇ ನಾ ಬರ್ತೀನಿ."

"ಯಾಕ? ಪತ್ತೆ ಅದ ನನ್ನ ಕಡಿ. ಆನಂದ ಹೇಳ್ಯಾನ. ಐವಾನ್-ಎ-ಶಾಹಿ, ನೀಲಿ ಗೇಟು, ಒಳಗ ಬೇವಿನ ಗಿಡ." ಅಷ್ಟರಲ್ಲಿ ಬಸ್ಸಿನ ಇಂಜಿನ್ನು ಮಾತನ್ನು ನುಂಗಿತು. ತಿರುಗಿ ಮಾಡಿದರೆ ಬರೀ ರಿಂಗು. ಮೊಬೈಲನ್ನು ಗಂಟಿನೊಳಗೆ ಇಟ್ಟು ಅದರ ಮೇಲೆ ಕೈಯೂರಿ ಕೂತಿರುತ್ತಾಳೆ, ಹಾಗೆಯೇ ಅವಳು. ಗಂಡ ಆನಂದಕುಮಾರನ ಮೇಲೆ ಸಿಟ್ಟು ಬಂತು. ಯಾದಗಿರಿಯಲ್ಲಿ ನೌಕರಿ ಮಾಡಿಕೊಂಡು ಭಾನುವಾರಕ್ಕೊಮ್ಮೆ ಬಂದು ಹೋಗುವವನಿಗೆ ಪತ್ತೆ ಕೊಡುವುದೇನು ಕಷ್ಟ. ಇಷ್ಟು ವರ್ಷ ಪಂಚಶೀಲಾಳೇ ಕಮಲಾಪುರಕ್ಕೆ ಹೋಗುತ್ತಿದ್ದಳು. ಹೋದಾಗ ಅಕ್ಕ ಮಟನ್ ಮಾಡುತ್ತಿದ್ದಳು. ಅಂಜನಾ ಎಲುಬು ಚೀಪಿ, ವಾಪಸ್ಸು ಬರುವಾಗ ಬಸ್ಸಿನಲ್ಲಿ ಏಲಕ್ಕಿ ಅಗಿದು ಬಾಯಿ ವಾಸನೆ ಕಳೆದುಕೊಳ್ಳುತ್ತಿದ್ದಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಸಮುದ್ರದ ತಳ ಬರೆದಳು. ಬರೆದದ್ದು ಒಂದು ಅಂಕುಡೊಂಕು ಗೆರೆ, ಅದರ ಮೇಲೆ ಒಲೆಯ ಕೊಳವೆಯಂಥ ಎರಡು ಕಂಬ. "ಇಲ್ಲಿಗೆ ಸೂರ್ಯ ಬರಾಂಗಿಲ್ಲ. ಎರಡೂವರೆ ಕಿಲೋಮೀಟರ್ ನೀರು ಮ್ಯಾಲದ. ಈ ಕಂಬದಿಂದ ಮುನ್ನೂರು ಡಿಗ್ರಿ ದಾಟಿದ ನೀರು ಕರೀ ಹೊಗಿಯಂಗ ಏಳ್ತದ, ಮ್ಯಾಲಿನ ಭಾರಕ್ಕ ಅದಕ ಕುದಿಯಾಕೂ ಬರಾಂಗಿಲ್ಲ. ಅದರಾಗ ಹೈಡ್ರೋಜನ್ ಸಲ್ಫೈಡ್ ಇರ್ತದ. ಕೊಳತ ತತ್ತಿ ನಾತ. ನಮಗ ವಿಷ, ಈ ಬ್ಯಾಕ್ಟೀರಿಯಾಕ್ಕ ಅದೇ ಊಟ." ಎಲೆ ಬಿಸಿಲಲ್ಲಿ ಮಾಡುವ ಕೆಲಸವನ್ನು ಇವು ಕತ್ತಲಲ್ಲಿ ಮಾಡುತ್ತವೆ ಎಂದಳು. ಸಲ್ಫೈಡನ್ನು ಆಮ್ಲಜನಕದ ಜೊತೆ ಕೂಡಿಸಿ, ಅದರಿಂದ ಹುಟ್ಟಿದ ಶಕ್ತಿಯಲ್ಲಿ ಇಂಗಾಲವನ್ನು ಹಿಡಿದು ಸಕ್ಕರೆ ಮಾಡಿಕೊಳ್ಳುತ್ತವೆ. ಇವು ಇರುವುದು ಕುದಿನೀರಲ್ಲೂ ಅಲ್ಲ, ತಣ್ಣೀರಲ್ಲೂ ಅಲ್ಲ, ಎರಡೂ ಬೆರೆಯುವ ಅಂಚಿನಲ್ಲಿ. ಒಂದು ಗೇಣು ಒಳಗೆ ಹೋದರೆ ಬೇಯುತ್ತವೆ, ಒಂದು ಗೇಣು ಹೊರಗೆ ಸರಿದರೆ ಹಸಿವು. ಹೇಳುತ್ತ ಹೇಳುತ್ತ ಅವಳ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು. ಬಸ್ಸು ಈಗ ಮಹಾಗಾಂವ ದಾಟಿರಬೇಕು. ಅಕ್ಕ ಸ್ಟ್ಯಾಂಡಿನಲ್ಲಿ ಕೂಡುತ್ತಾಳೋ ಇಲ್ಲವೋ. ಕೂತರೆ ಏನು ಹೇಳುವುದು? ಹೋಟೆಲಿನಲ್ಲಿ ನಾಷ್ಟಾ ಮಾಡಿಸಿ, ಔಷಧಿ ಕೊಡಿಸಿ, ಇನ್ನೊಂದೇ ತಿಂಗಳು ಅಕ್ಕಾ ಎಂದು ಬಸ್ಸು ಹತ್ತಿಸುವುದು. ಅದು ಅಷ್ಟು ಸುಲಭವಾಗಿ ಮನಸ್ಸಿಗೆ ಬಂದದ್ದಕ್ಕೆ ಕಿವಿಯ ಬುಡ ಬಿಸಿಯಾಯಿತು, ಆದರೂ ಮನಸ್ಸು ಆ ಹೋಟೆಲಿನ ಮೂಲೆಯ ಟೇಬಲನ್ನು ಆರಿಸುತ್ತಲೇ ಇತ್ತು.

ಆಮೇಲೆ ಕೊಳವೆ ಹುಳ ಬರೆದಳು. ಆಳೆತ್ತರದ ಬಿಳಿ ಕೊಳವೆ, ತುದಿಗೆ ಕೆಂಪು ಗರಿ. ಕೆಂಪು ಸೀಮೆಸುಣ್ಣ ಇರಲಿಲ್ಲ. "ಇದಕ್ಕ ಬಾಯಿಲ್ಲ, ಕರಳಿಲ್ಲ. ಮೈತುಂಬ ಬ್ಯಾಕ್ಟೀರಿಯಾ ತುಂಬ್ಕೊಂಡಿರ್ತದ. ಗರಿಯಿಂದ ಸಲ್ಫೈಡ್ ಹೀರಿ ಅವಕ್ಕ ಮುಟ್ಟಸ್ತದ, ಅವು ಅಡಗಿ ಮಾಡಿ ಹಾಕ್ತಾವ."

ಹಿಂದಿನ ಬೆಂಚಿನ ಫೈಜಾನ್ ಎದ್ದುನಿಂತ. "ಬಾಯಿಲ್ಲಂದ್ರ ವೈವಾ ಹೆಂಗ ಕೊಡ್ತದ್ರಿ ಮೇಡಂ?"

"ನೀ ಬಾಯಿದ್ದೂ ಕೊಡಲಿಲ್ಲಲ್ಲ ಹ್ವಾದ ಸಲ." ಕ್ಲಾಸು ನಕ್ಕಿತು. ಫೈಜಾನ್ ಎಲ್ಲರಿಗಿಂತ ಜಾಸ್ತಿ ನಕ್ಕ.

"ಹುಟ್ಟಾನಿಂದ ಬಾಯಿ ಇರಾಂಗಿಲ್ಲೇನ್ರಿ?" ಎಂದಳು ಮುಂದಿನ ಸಾಲಿನ ಹುಡುಗಿ.

"ಮರಿ ಇದ್ದಾಗ ಇರ್ತದ. ಬ್ಯಾಕ್ಟೀರಿಯಾ ತೊಗಲಿನಿಂದ ಒಳಗ ಸೇರ್ತಾವ. ಅವು ಸೇರಿದ ಮ್ಯಾಲ ಬಾಯಿ ಮುಚ್ಚಿ ಹೋಗ್ತದ."

"ಮತ್ತ ಅದು ಬ್ಯಾಕ್ಟೀರಿಯಾನ ಸಾಕ್ತದೋ, ತಿಂತದೋ?"

ಪಠ್ಯದಲ್ಲಿ ಸಹಜೀವನ ಎಂದಿತ್ತು, ಇಬ್ಬರಿಗೂ ಲಾಭ ಎಂದಿತ್ತು. "ಎರಡೂ" ಎಂದಳು ಪಂಚಶೀಲಾ. "ಸಾಕ್ತದ. ಸಾಕಿದ್ದನ್ನ ಒಳಗೊಳಗೇ ಕರಗಿಸ್ಕೋತದ."

"ಅವು ತಪ್ಪಿಸ್ಕೊಂಡು ಹೋಗಾಂಗಿಲ್ಲೇನ್ರಿ?"

"ಹುಳ ಸತ್ತ ಮ್ಯಾಲ ಒಂದಿಷ್ಟು ಹೊರಗ ಬರ್ತಾವಂತ." ಹುಡುಗಿ ಅದನ್ನು ಬರೆದುಕೊಂಡಳು. ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಲು ಹೋದ ಪಂಚಶೀಲಾ ಬೋರ್ಡು ಒರೆಸತೊಡಗಿದಳು.

ಸ್ಕೂಟಿಯ ಮೇಲೆ ಜಗತ್ ಸರ್ಕಲ್ಲಿಗೆ ಬರುವಾಗ ಬಿಸಿಲು ನೆತ್ತಿಯಿಂದ ಇಳಿದು ಹೆಲ್ಮೆಟ್ಟಿನೊಳಗೆ ಬೆವರಾಗಿ ಕೂತಿತ್ತು. ಆಟೋಗಳು ಒಂದರ ಬೆನ್ನು ಇನ್ನೊಂದು ಮೂಸುತ್ತ ನಿಂತಿದ್ದವು. ಮುಂದಿನ ಬೈಕಿನವನು ಹಾರ್ನಿನ ಮೇಲೆ ಹೆಬ್ಬೆರಳು ಮರೆತವನಂತೆ ಇಟ್ಟಿದ್ದ. ಮನೆ ಹುಡುಕಿದ ದಿನಗಳೂ ಇಂಥದೇ ಬಿಸಿಲಿನವು. ನೋಡಿದ ಮನೆಗಳಿಗೆ ಲೆಕ್ಕವಿಲ್ಲ. ಬಾಗಿಲಲ್ಲಿ ಚಹಾ ಕೇಳುತ್ತಿದ್ದರು, ಕಾಲೇಜಿನ ಮೇಡಂ ಎಂದು ಕುರ್ಚಿ ಕೊಡುತ್ತಿದ್ದರು, ಹೆಸರು ಕೇಳಿ ಪಂಚಶೀಲಾ ಎಂದ ಕೂಡಲೇ ಊರಿನಿಂದ ಮಗ ಬರುವವನಿದ್ದಾನೆಂದು ನೆನಪಾಗುತ್ತಿತ್ತು. ಎಷ್ಟು ಮನೆಗಳಿಗೆ ಎಷ್ಟು ಮಕ್ಕಳು ಬರುವವರಿದ್ದರೋ. ಕೊನೆಗೆ ಚಂದಮ್ಮನ ನೀಲಿ ಗೇಟು. "ಅಡ್ಡಹೆಸರೇನ್ರಿ?" "ಕಮಲಾಪುರಕರ್ ರೀ" ಎಂದ ಆನಂದಕುಮಾರ. ಊರಿನ ಹೆಸರಿಗೆ ಜಾತಿಯಿಲ್ಲ. "ನಿಮ್ಮ ಹೆಸರವ್ವಾ?" "ಶೀಲಾ" ಎಂದಳು ಅವಳು. ಮೊದಲರ್ಧ ನಾಲಿಗೆಯ ಮೇಲೇ ಉಳಿಯಿತು, ಅದನ್ನು ಉಗುಳಿನೊಂದಿಗೆ ನುಂಗಿದಳು. "ನಮ್ಮ ಪೈಕಿಯವರೇ ಇರಬೇಕು, ಮಾರಿ ನೋಡಿದ್ರ ತಿಳೀತದ" ಎಂದು ಚಂದಮ್ಮ ತಾನೇ ತೀರ್ಮಾನಿಸಿ, ಒಳಗಿನಿಂದ ವಿಭೂತಿ ತಂದು ಮುಂದೆ ಹಿಡಿದಳು. ಪಂಚಶೀಲಾ ಮೂರು ಬೆರಳು ಅದ್ದಿದಳು. ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಅದು ಅವಳಿಗೆ ಒಪ್ಪುತ್ತಿತ್ತು. ಅದೇ ಅವಳನ್ನು ಹೆದರಿಸಿದ್ದು. ಚಂದಮ್ಮ ಕೆಟ್ಟವಳಾಗಿದ್ದರೆ ಸುಲಭವಿತ್ತು. ಅಂಜನಾಳಿಗೆ ಜ್ವರ ಏರಿದಾಗ ರಾತ್ರಿಯಿಡೀ ತಣ್ಣೀರ ಪಟ್ಟಿ ಹಾಕಿದವಳು ಅವಳೇ. ಶಾಲೆಯಿಂದ ಬಂದ ಮಗು ಅಮ್ಮ ಬರುವತನಕ ಉಣ್ಣುವುದು, ಮಲಗುವುದು ಅವಳ ಪಡಸಾಲೆಯಲ್ಲೇ. ಈ ಮನೆ ಹೋದರೆ ಮಗು ಎಲ್ಲಿ, ನೌಕರಿ ಎಲ್ಲಿ, ಮತ್ತೆ ಎಷ್ಟು ಗೇಟು. ಸಿಗ್ನಲ್ಲು ಬಿಟ್ಟಿತು.

ಬಸ್ ಸ್ಟ್ಯಾಂಡಿನಲ್ಲಿ ಶೇವಂತಾ ಇರಲಿಲ್ಲ. ಕಮಲಾಪುರದ ಬಸ್ಸು ಬಂದು ಖಾಲಿಯಾಗಿ, ಕಂಡಕ್ಟರು ಬಾಗಿಲಲ್ಲಿ ಕೂತು ಮಂಡಾಳ ತಿನ್ನುತ್ತಿದ್ದ. "ಗಂಟು, ಬಾಳಿಹಣ್ಣಿನ ಚೀಲ ಹಿಡಕೊಂಡಾಕಿನಾ? ಆಟೋ ಹತ್ತಿ ಹೋದಳಲ್ರಿ, ಆಟೋದವನ ಜೋಡಿ ಜಗಳಾಡಿ." ಪಂಚಶೀಲಾ ಸ್ಕೂಟಿ ತಿರುಗಿಸಿದಳು.

ಗೇಟಿನೊಳಗೆ ಬೇವಿನ ನೆರಳಿನಲ್ಲಿ ಚಂದಮ್ಮ ಕುರ್ಚಿ ಹಾಕಿಕೊಂಡು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಶೇವಂತಾ ಅವಳಿಂದ ಎರಡು ಮಾರು ದೂರ, ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆಯ ಮೇಲೆ, ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಗಂಟು, ಚೀಲದ ತುಂಬ ಕೆಂಪು ಬಾಳೆ. ಪಂಚಶೀಲಾಳನ್ನು ಕಂಡರೂ ಅವಳು ಏಳಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ.

"ಬರ್ರಿ ಮೇಡಮ್ಮಾರ" ಎಂದಳು ಚಂದಮ್ಮ. "ನೋಡ್ರಿ ಈಕಿನ್ನ. ಪಂಚಶೀಲಾ ಅನ್ನಾಕಿ ಅದಾಳೇನು ಅಂತ ಕೇಳ್ಕೋತ ಬಂದಳು. ಆ ಹೆಸರಿನಾಕಿ ಇಲ್ಲಿಲ್ಲವಾ, ಶೀಲಾ ಮೇಡಮ್ಮಾರ ಇರ್ತಾರ ಅಂದೆ. ಹಂಗಾದ್ರ ಅವರಿಗೇ ಕಾಯ್ತೀನಿ ಅಂತ ಕುಂತಾಳ. ಯಾರು ಏನು ಅಂದ್ರ ತುಟಿ ಬಿಚ್ಚವಲ್ಲಳು. ನಿಮಗ ಗೊತ್ತಿದ್ದಾಕಿ ಏನು?"

ಶೇವಂತಾ ಗೇಟಿನಲ್ಲೇ ಎಲ್ಲ ತಿಳಿದುಕೊಂಡಿದ್ದಳು. ಹೇಳಬೇಕಾದ ಮಾತನ್ನು ಹೇಳದೆ, ಅದನ್ನು ತಂಗಿಗೆಂದು ತೆಗೆದಿಟ್ಟು ಕೂತಿದ್ದಳು, ಚಿಕ್ಕಂದಿನಲ್ಲಿ ಸಾರಿನ ತಳದ ಕೊನೆಯ ತುಂಡನ್ನು ತೆಗೆದಿಡುತ್ತಿದ್ದ ಹಾಗೆ. ಪಂಚಶೀಲಾ ಸ್ಕೂಟಿಯ ಸ್ಟ್ಯಾಂಡ್ ಹಾಕಿದಳು. ಅದು ಸರಿಯಾಗಿ ಕೂಡಲಿಲ್ಲ, ಇನ್ನೊಮ್ಮೆ ಹಾಕಿದಳು. ಅಕ್ಕ ಎಂಬುದು ಎರಡಕ್ಷರದ ಮಾತು. ಬಾಯಿ ಅದಕ್ಕೆ ತಯಾರಾಗಿತ್ತು, ನಾಲಿಗೆ ಅಂಗುಳಕ್ಕೆ ಹತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅವಳು ತನಗೆ ತಾನೇ ಹೇಳಿಕೊಳ್ಳಲಿದ್ದಳು. ಹೊರಗೆ ಬಂದದ್ದು: "ಮನಿ ಕೆಲಸಕ್ಕ ಕರಸೀನ್ರಿ. ಭಾಂಡಿ ಬಟ್ಟಿಗೆ."

ಶೇವಂತಾಳ ಮುಖದಲ್ಲಿ ಈಗಲೂ ಏನೂ ಕಾಣಲಿಲ್ಲ. ಕಾಲ್ಬೆರಳುಗಳು ಮಾತ್ರ ಒಂದರ ಮೇಲೊಂದು ಹತ್ತಿದವು.

"ಹಂಗ ಹೇಳಬಾರದಾ ಮದಲೇ" ಎಂದು ಚಂದಮ್ಮ ಅವಳ ಕಡೆ ತಿರುಗಿದಳು. "ಯಾವ ಮಂದಿ ನೀವು?"

"ಜೈಭೀಮದವರ್ರಿ" ಎಂದಳು ಶೇವಂತಾ. ಉಸಿರು ತೆಗೆದುಕೊಂಡಷ್ಟು ಸಲೀಸಾಗಿ, ಯಾವ ಊರು ಎಂದರೆ ಊರು ಹೇಳುವ ಹಾಗೆ. ಹೇಳಿ ತಂಗಿಯನ್ನು ನೋಡಿದಳು. ಪಂಚಶೀಲಾ ಬಾಳೆಯ ಚೀಲ ನೋಡುತ್ತಿದ್ದಳು.

"ಇರಲಿ ಬಿಡವಾ. ಈಗ ಅವೆಲ್ಲ ಯಾರ ಕೇಳ್ತಾರ" ಎಂದ ಚಂದಮ್ಮ ಕುರ್ಚಿಯನ್ನು ಅರ್ಧ ಗೇಣು ಹಿಂದಕ್ಕೆ ಸರಿಸಿದ್ದು ಬಿಸಿಲು ಬಂತೆಂದೇ ಇರಬಹುದು. ದನಿ ತಗ್ಗಿಸಿ ಪಂಚಶೀಲಾಳಿಗೆ, "ಅಂಗಳದ ಕೆಲಸ ಮಾಡಸ್ಕೋರಿ. ಒಳಗ ಬ್ಯಾಡ. ನನ್ನ ದೇವರಮನಿ ಗ್ವಾಡಿ ನಿಮ್ಮ ಅಡಗಿಮನಿಗೇ ಹತ್ತೇದ. ನಾವೇನು ಭೇದ ಮಾಡೂ ಮಂದಿ ಅಲ್ಲ, ಆದ್ರ ಹಿರೇರು ನಡಸ್ಕೊಂಡು ಬಂದದ್ದು" ಎಂದಳು. ತಗ್ಗಿಸಿದ ದನಿಯೂ ಮೆಟ್ಟಿಲು ಮುಟ್ಟುವಷ್ಟು ಇತ್ತು. "ನಿಮಗ ನಾ ಹೇಳಬೇಕೇನ್ರಿ, ತಿಳದವರು."

ಶೇವಂತಾಳ ಕಣ್ಣು ಪಂಚಶೀಲಾಳ ಕೊರಳಿಗೆ ಬಂದು ನಿಂತಿತ್ತು. ಬೆವರಿಗೆ ಸೀರೆ ಸರಿದು, ಲಿಂಗ ಇಟ್ಟು ಕಟ್ಟಿಕೊಳ್ಳುವ ಬೆಳ್ಳಿಯ ಕರಡಗಿ ಹೊರಗೆ ಬಂದಿತ್ತು. ಚಂದಮ್ಮ ಒಂದು ಸಲ, "ಈಗಿನ ಮಂದಿ ಲಿಂಗಾನೂ ಕಟಗೊಳ್ಳಾಂಗಿಲ್ಲ" ಎಂದು ಯಾರಿಗೋ ಅಂದದ್ದನ್ನು ಕೇಳಿ, ಬಜಾರಿನಲ್ಲಿ ಕೊಂಡದ್ದು ಅದು. ಒಳಗೆ ಲಿಂಗವಿರಲಿಲ್ಲ. ಖಾಲಿ ಕರಡಗಿ ಹಗುರಾಗಿ ಎದೆಯ ಮೇಲೆ ಹೊರಳಾಡುತ್ತದೆಂದು ಒಂದು ಗೋಟಡಿಕೆ ಹಾಕಿದ್ದಳು. ಅಂಜನಾ ಅದನ್ನು ಕಿವಿಗೆ ಹಿಡಿದು ಅಲುಗಿಸಿ, ಒಳಗ ಯಾರ ಅದಾರ ಮಮ್ಮಿ, ಎಂದು ಕೇಳಿದ್ದಳು. ಶೇವಂತಾ ಬೆಳ್ಳಿಯನ್ನು ನೋಡಿದಳು, ಹಣೆಯ ವಿಭೂತಿಯನ್ನು ನೋಡಿದಳು, ಮತ್ತೆ ಬೆಳ್ಳಿಯನ್ನು. ಸಂತೆಯಲ್ಲಿ ಹಣ್ಣಿನ ಸಿಪ್ಪೆ ನೋಡಿ ಒಳಗನ್ನು ಹೇಳುವವಳು.

"ಕೆಲಸ ಏನೇನ ಇರ್ತದ್ರಿ ಬಾಯಾರ?" ಎಂದಳು. ಬಾಯಾರ ಎಂಬ ಮಾತನ್ನು ಒತ್ತಿ ಹೇಳಲಿಲ್ಲ, ನಿಜವಾದ ಕೆಲಸದವಳಂತೆ ಹೇಳಿದಳು.

"ಹೇಳಿದ್ನಲ್ಲ. ಭಾಂಡಿ. ಬಟ್ಟಿ."

"ಉಣ್ಣಾಕ ಕೊಡ್ತೀರಿ?"

"ಕೊಡ್ತೀನಿ."

"ಎಲ್ಲಿ ಕುಂತು ಉಣ್ಣಬೇಕ್ರಿ? ಈ ಮೆಟ್ಟಲ ಮ್ಯಾಲೋ, ಆ ಗಾಡಿ ನಿಂದ್ರೂ ಕಡಿಯೋ? ಮದಲ ತೋರಿಸಿಬಿಟ್ರ ಛಲೋ. ಆಮ್ಯಾಲ ತಪ್ಪಿ ಎಲ್ಲಿರ ಕುಂತೆ ಅಂದ್ರ ನಿಮಗ ತ್ರಾಸು."

"ಬಾಯಿ ಜೋರದ ಈಕಿದು" ಎಂದು ಚಂದಮ್ಮ ನಕ್ಕಳು, ಮೆಚ್ಚಿಕೊಂಡೇ. ಶೇವಂತಾಳೂ ನಕ್ಕಳು, ಮತ್ತು ಆ ನಗುವಿನ ಹಿಂದೆಯೇ ಕೆಮ್ಮು ಎದ್ದಿತು. ಕಮಲಾಪುರದಲ್ಲಿ ಕೇಳಿ ರೂಢಿಯಾದ ಕೆಮ್ಮಲ್ಲ. ಒಳಗಿನಿಂದ ಯಾರೋ ಹಲಗೆ ಕೀಳುತ್ತಿರುವಂಥದು. ಅವಳು ನೆಲಕ್ಕೆ ಕೈಯೂರಿ ಬಾಗಿದಳು, ಬೆನ್ನು ಗೂನಾಯಿತು, ತುರುಬು ಬಿಚ್ಚಿತು. ಪಂಚಶೀಲಾಳ ಕೈ ತಾನಾಗಿ ಮುಂದೆ ಹೋಗಿ, ಆ ಬೆನ್ನಿಗೆ ಒಂದು ಮೊಳ ಇರುವಾಗ ನಿಂತಿತು.

"ನೀರ ಕೊಡ್ರಿ ಪಾಪ" ಎಂದಳು ಚಂದಮ್ಮ. "ಮ್ಯಾಲಿಂದ ಹಾಕ್ರಿ."

ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬರುವಷ್ಟು ಹೊತ್ತು ಇತ್ತು. ಆ ಹೊತ್ತಿನಲ್ಲಿ ಒಂದು ಲೋಟ ತೆಗೆದುಕೊಳ್ಳಬಹುದಿತ್ತು. ಲೋಟ ಕಣ್ಣಿಗೆ ಬಿತ್ತು, ಬೋರಲು ಹಾಕಿದ ಸ್ಟೀಲಿನ ಲೋಟ, ಬುಡದಲ್ಲಿ ಆನಂದಕುಮಾರನ ಹೆಸರು ಕೊರೆದದ್ದು. ಬಿಟ್ಟು ಬಂದಳು. ಶೇವಂತಾ ಬೊಗಸೆ ಹಿಡಿದಿದ್ದಳು. ಕಾರ್ಬೈಡಿನ ಪೊಟ್ಟಣ ಕಟ್ಟಿ ಕಟ್ಟಿ ಬೆರಳ ತುದಿಗಳು ಬೆಳ್ಳಗೆ ಸುಲಿದು, ಗೆರೆಗಳೇ ಇರಲಿಲ್ಲ. ಆಧಾರ್ ಮಾಡಿಸಲು ಹೋದಾಗ ಮಷೀನು ಆ ಬೆರಳುಗಳನ್ನು ಒಪ್ಪಿರಲಿಲ್ಲ. ಪಂಚಶೀಲಾ ತಂಬಿಗೆ ಬಗ್ಗಿಸಿದಳು. ಬೊಗಸೆ ಸ್ವಲ್ಪ ಕೆಳಗಿಳಿಯಿತು. ಅವಳು ಬಗ್ಗಲಿಲ್ಲ, ನೀರು ಇನ್ನೂ ಮೇಲಿನಿಂದ ಬಿದ್ದಿತು. ಬೊಗಸೆ ಇನ್ನೂ ಕೆಳಗಿಳಿಯಿತು. ಚಿಕ್ಕಂದಿನಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂಡಿಸಿ ಅಕ್ಕ ತಲೆಗೆ ನೀರು ಹಾಕುತ್ತಿದ್ದಳು, ಕಣ್ಣ ಮುಚ್ಚು, ಸೀಗೇಕಾಯಿ ಹೋಗ್ತದ, ಎನ್ನುತ್ತ ಒಂದು ಕೈ ಹಣೆಗೆ ಅಡ್ಡ ಹಿಡಿದು. ನೀರು ಬಿಸಿಯಿದ್ದರೆ ಮೊದಲು ತನ್ನ ಕಾಲ ಮೇಲೆ ಹಾಕಿಕೊಂಡು ನೋಡುತ್ತಿದ್ದಳು. ನೀರು ಬೆರಳ ಸಂದಿಯಿಂದ ಸೋರಿ ಶೇವಂತಾಳ ಮೊಳಕೈಗೆ, ಸೆರಗಿಗೆ, ನೆಲಕ್ಕೆ ಹೋಗುತ್ತಿತ್ತು. ಬಾಯಿಗೆ ಎಷ್ಟು ಹೋಯಿತೋ. "ಸಾಕ್ರಿ ಬಾಯಾರ" ಎಂದಳು.

ಅಷ್ಟರಲ್ಲಿ ಶಾಲೆಯ ಆಟೋ ಗೇಟಿನಲ್ಲಿ ನಿಂತಿತು. ಶನಿವಾರದ ಅರ್ಧ ಶಾಲೆ. ಅಂಜನಾ ನೀರಿನ ಬಾಟಲಿ ಕುತ್ತಿಗೆಗೆ ಹಾಕಿಕೊಂಡು ಇಳಿದು, ಒಳಗೆ ಬಂದು, ಮೆಟ್ಟಿಲ ಬಳಿ ಕೂತವಳನ್ನು ನೋಡಿದಳು. ಕಾಲು ಒಂದು ಹೆಜ್ಜೆ ಓಡಿತು ಕೂಡ. ಕಮಲಾಪುರದಲ್ಲಿ ಆ ಕಾಲುಗಳು ಓಡಿ ಹೋಗಿ ನೇರ ಆ ತೊಡೆಯ ಮೇಲೆ ಏರುತ್ತವೆ. ದೊಡ್ಡವ್ವಾ ಎಂಬ ಕೂಗು ಮೊದಲು ಮುಟ್ಟುತ್ತದೆ, ಹುಡುಗಿ ಆಮೇಲೆ. ಈಗ ಬಾಯಿ ತೆರೆದಿತ್ತು. ತೆರೆದ ಬಾಯಲ್ಲೇ ಅವಳು ಚಂದಮ್ಮನನ್ನು ನೋಡಿದಳು, ಅಮ್ಮನ ಕೈಯ ತಂಬಿಗೆಯನ್ನು, ಅಮ್ಮನ ಮುಖವನ್ನು. ಯಾವ ಸನ್ನೆಯೂ ಆಗಲಿಲ್ಲ. ಪಂಚಶೀಲಾ ರೆಪ್ಪೆ ಕೂಡ ಅಲುಗಿಸಲಿಲ್ಲ. ಮಗುವಿನ ಬಾಯಿ ಮುಚ್ಚಿತು.

ಶೇವಂತಾ ಚೀಲದ ಚಿಪ್ಪಿನಿಂದ ಒಂದು ಹಣ್ಣು ಮುರಿದು ಮುಂದೆ ಹಿಡಿದಿದ್ದಳು. ಹಿಡಿದ ಕೈ ಹಾಗೇ ಇತ್ತು.

"ಮಮ್ಮಿ, ಈಕಿ ಯಾರು?" ಎಂದಳು ಅಂಜನಾ.

ಎಷ್ಟು ಸರಿಯಾಗಿ ಕೇಳಿದಳು. ಬೇಕಾದಷ್ಟೇ ಕುತೂಹಲ, ಅದರಲ್ಲಿ ಬೇಕಾದಷ್ಟೇ ಬೇಸರ. ಒಂಬತ್ತು ತುಂಬದ ಹುಡುಗಿ. ಪಂಚಶೀಲಾಳೊಳಗೆ ಏನೋ ಚಿಕ್ಕದು ಎದ್ದುನಿಂತಿತು. ಅದು ಹೆಮ್ಮೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಸುಖ ಆಗಿಹೋಗಿತ್ತು. ಕ್ಲಾಸಿನಲ್ಲಿ ಯಾರೂ ಹೇಳಲಾರದ ಉತ್ತರವನ್ನು ಒಬ್ಬಳು ಹೇಳಿದಾಗ ಆಗುವಂಥದು.

"ಕೆಲಸದಾಕಿ. ನೀ ಒಳಗ ನಡಿ" ಎಂದಳು. ಅಂಜನಾ ಹೋದಳು. ಹೋಗುವಾಗ ಹಣ್ಣಿಗೆ ಲಂಗ ತಾಗದಂತೆ ಸರಿದು ಹೋದಳು.

"ಕೊಡಿಲ್ಲಿ ಆ ಹಣ್ಣು, ಹಣ್ಣಿಗೇನು ಮೈಲಿಗಿ" ಎಂದು ಚಂದಮ್ಮ ಕೈ ಚಾಚಿದಳು. ಶೇವಂತಾ ಎದ್ದು, ಹಣ್ಣನ್ನು ಅವಳ ಕೈಗೆ ಹಾಕಲಿಲ್ಲ, ಮೊರದ ಅಂಚಿನಲ್ಲಿ ಬೇಳೆಯ ಪಕ್ಕ ಇಟ್ಟಳು, ಮತ್ತು ಗಂಟು ಎತ್ತಿಕೊಂಡಳು. "ನನಗ ಈ ಕೆಲಸ ನೀಗಾಂಗಿಲ್ರಿ ಬಾಯಾರ. ಬ್ಯಾರೆಯಾಕಿನ್ನ ನೋಡ್ಕೋರಿ."

"ಅಂಗೈಯಾಗ ನೀರ ಹಾಕಿದ್ದಕ್ಕ ಸಿಟ್ಟೇನು ಈಕಿಗೆ?" ಚಂದಮ್ಮ ಸಿಪ್ಪೆ ಸುಲಿಯುತ್ತ ಕೇಳಿದಳು. "ಭಾಳ ಸೊಕ್ಕು ಬಂದದ ಇವ್ರಿಗೆ. ಹೋಗ್ಲಿ ಬಿಡ್ರಿ, ನಾ ಬ್ಯಾರೆ ಯಾರನರ ಹೇಳ್ತೀನಿ. ಹಣ್ಣು ಮಾತ್ರ ಛಲೋ ಅದ."

"ಮೂಲಿತನಕ ಬಿಟ್ಟು ಬರ್ತೀನ್ರಿ" ಎಂದು ಪಂಚಶೀಲಾ ಹೊರಗೆ ಬಂದಳು. ಮೂಲೆಯತನಕ ಶೇವಂತಾ ಮುಂದೆ, ಅವಳು ಹಿಂದೆ. ಗೇಟು ಮರೆಯಾದ ಮೇಲೆ ಗಂಟಿಗೆ ಕೈ ಹಾಕಿದಳು. ಶೇವಂತಾ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಅಕ್ಕಾ."

"ಬಂತಾ ಬಾಯಿ? ಒಳಗಿದ್ದಾಗ ಎಲ್ಲಿ ಹೋಗಿತ್ತು?"

"ನನ್ನ ಪರಿಸ್ಥಿತಿ ನಿನಗ ಗೊತ್ತಿಲ್ಲ. ಮನಿ ಸಿಗಾಂಗಿಲ್ಲಕ್ಕಾ ಇಲ್ಲಿ. ಹುಡುಗಿನ್ನ ಯಾರ ನೋಡ್ಕೋತಾರ?"

"ಹುಡುಗಿನ್ನ ನೋಡಾಕೇ ಬಂದಿದ್ದೆ ನಾ." ಶೇವಂತಾ ನಿಂತು ಉಸಿರು ತೆಗೆದುಕೊಂಡಳು. "ನೀ ಕೆಲಸದಾಕಿ ಅಂದಿ. ಅದಕ್ಕ ನನಗೇನೂ ಅನಸಲಿಲ್ಲ, ಖರೇ ಹೇಳ್ತೀನಿ. ಇಷ್ಟ ದಿನ ಮತ್ತೇನಿದ್ದೆ ನಾ? ನಿನ್ನ ಬಾಯಿಂದ ಕೇಳಿದ್ದಿಲ್ಲ, ಅಷ್ಟ. ಆದ್ರ ಆ ಕೂಸಿಗೆ ಏನ ಕಲಿಸೀಯೆ? ನಾ ಒಂದ ಕ್ವಾಣ್ಯಾಗ ಕಾಯಿ ಹಣ್ಣ ಮಾಡ್ತಿದ್ದೆ, ಮಸಾಲಾ ಹಾಕಿ. ಮ್ಯಾಲ ಬಣ್ಣ, ಒಳಗ ದಿಂಡು. ನೀ ಆ ಮಸಾಲಾ ಮನ್ಯಾಗೇ ಹಾಕೀದಿ."

"ಬ್ಯಾರೆ ಮನಿ ನೋಡ್ತೀನಿ. ನಾಳೆ ಐತಾರ, ಆನಂದ ಬರ್ತಾನ. ಇಬ್ಬರೂ ಕೂಡಿ ನೋಡ್ತೀವಿ. ನಮ್ಮ ಹೆಸರು ಹೇಳೇ ನೋಡ್ತೀವಿ. ಬರೂ ತಿಂಗಳ ನಾನೇ ಬಂದು ನಿನ್ನ ಕರಕೊಂಡು—"

"ಹೂಂ" ಎಂದಳು ಶೇವಂತಾ. ಒಪ್ಪಿದ ಹೂಂ ಅಲ್ಲ, ಮಕ್ಕಳಿಗೆ ಕಥೆ ಹೇಳುವಾಗ ಕೇಳುವವರು ಹಾಕುವಂಥದು. ಆಟೋ ಬಂತು. ಅವಳು ಗಂಟನ್ನು ಮೊದಲು ಕೂಡಿಸಿ ಆಮೇಲೆ ತಾನು ಕೂತಳು. ಪಂಚಶೀಲಾ ಆಟೋದ ಕಬ್ಬಿಣವನ್ನು ಹಿಡಿದುಕೊಂಡೇ ಇದ್ದಳು. ಹತ್ತಿ ಕೂತರೆ ಸಾಕಿತ್ತು. ಇಲ್ಲವೇ ಇಳಿ ಎಂದರೆ ಸಾಕಿತ್ತು. ಎದುರಿನ ಅಂಗಡಿಯ ನೆರಳಲ್ಲಿ ಚಂದಮ್ಮನ ಪರಿಚಯದ ಹೆಂಗಸು ಕೊತ್ತಂಬರಿ ಆರಿಸುತ್ತ ಈ ಕಡೆ ನೋಡುತ್ತಿದ್ದಳು. ಪಂಚಶೀಲಾ ಕಬ್ಬಿಣದಿಂದ ಕೈ ತೆಗೆದಳು, ಸೆರಗು ಸರಿಮಾಡಿಕೊಂಡಳು. "ಔಷಧಿ ತಗೋ" ಎಂದಳು.

"ತಗೋತೀನಿ. ನೀ ಒಳಗ ನಡಿ, ಬಿಸಲು" ಎಂದಳು ಶೇವಂತಾ, ಮಗುವಿಗೆ ಅವಳು ಹೇಳಿದ ಅದೇ ದನಿಯಲ್ಲಿ. ಆಟೋ ಹೋಯಿತು.

ಮನೆಯಲ್ಲಿ ಅಂಜನಾ ಬೂಟು ಬಿಚ್ಚದೆ ಮಂಚದ ಮೇಲೆ ಕೂತಿದ್ದಳು. "ಬರೋಬ್ಬರ್ ಹೇಳಿದ್ನಿಲ್ಲೋ ಮಮ್ಮಿ?" ಎಂದು ಕೇಳಿದಳು. ಪಂಚಶೀಲಾ ಬಗ್ಗಿ ಅವಳ ಬೂಟಿನ ದಾರ ಬಿಚ್ಚತೊಡಗಿದಳು. ಗಂಟು ಬಿಗಿದಿತ್ತು, ಉಗುರು ಹೋಗಲಿಲ್ಲ. "ಹೇಳ್ದಿ" ಎಂದಳು. ಅಂಜನಾ ಅಮ್ಮನ ತಲೆಯ ಮೇಲೆ ಕೈಯಿಟ್ಟು, "ದೊಡ್ಡವ್ವ ಹ್ವಾದಳಾ?" ಎಂದು ಕಿವಿಯಲ್ಲಿ ಕೇಳಿದಳು, ಗೋಡೆಯಾಚೆ ಕೇಳದಂತೆ.

ಭಾನುವಾರ ಆನಂದಕುಮಾರ ಬಂದ, ಉಂಡ, ಮಲಗಿದ, ಹೋದ. ಮನೆ ನೋಡುವ ಮಾತು ಬರಲಿಲ್ಲ. ಸೋಮವಾರ ಶೇವಂತಾ ಸಾಹುಕಾರನ ಹತ್ತಿರ ಕೀಲಿ ತಿರುಗಿ ಇಸಿದುಕೊಂಡು ಹಣ್ಣಿನ ಕೋಣೆಗೆ ಕೆಲಸಕ್ಕೆ ಹೋದಳು. ಪಂಚಶೀಲಾ ಅಕ್ಕನಿಗೆ ಕೊಟ್ಟ ಮಾತು ನಡೆಸಲಿಲ್ಲ.